ಹದಿನೇಳನೇ ನಂಬರಿನ ಹಾಜರಿ

ಅಡುಗೆ ಕಾಲೇಜಿನ ಮೂರನೇ ಮಹಡಿಗೆ ಹತ್ತಲು ನಲವತ್ತನಾಲ್ಕು ಮೆಟ್ಟಿಲು. ಲೆಕ್ಕದಕ್ಕ ಬರುವ ತನಕ ಇದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಬಂದು ಇಪ್ಪತ್ತೆರಡು ವರ್ಷವಾಯಿತು, ಈಗ ಎಲ್ಲರಿಗೂ ಗೊತ್ತು. ಗೊತ್ತಾದದ್ದನ್ನು ಇಟ್ಟುಕೊಂಡು ಏನು ಮಾಡಬೇಕು ಎನ್ನುವುದು ಮಾತ್ರ ಇನ್ನೂ ಯಾರಿಗೂ ಗೊತ್ತಿಲ್ಲ.

ಮೆಟ್ಟಿಲು ಮುಗಿಸಿ ಎಡಕ್ಕೆ ತಿರುಗಿದರೆ ಅವಳ ಕೋಣೆ. ಒಂದು ಮೇಜು, ಒಂದು ಕಾಲಿಗೆ ರಟ್ಟು ಮಡಚಿಟ್ಟ ಕುರ್ಚಿ, ಗೋಡೆ ತುಂಬ ಕಡತಗಳು. ಕೆಳಗಿನ ಅಡುಗೆಮನೆಯ ಹೊಗೆಕೊಳವೆ ಅವಳ ಕಿಟಕಿಯ ಪಕ್ಕದಲ್ಲೇ ಹಾದುಹೋಗುವುದರಿಂದ ಅವಳಿಗೆ ಗಡಿಯಾರದ ಹಂಗಿಲ್ಲ. ಈರುಳ್ಳಿ ಬಾಡಿದ ಘಮ ಬಂದರೆ ಹತ್ತೂವರೆ. ಬೆಣ್ಣೆ ಸೀದ ಕಮಟು ಬಂದರೆ ಮೊದಲ ವರ್ಷದವರ ಪಾಠ. ಎರಡೂ ಬಾರದೆ ಬರೀ ಕೂಗಾಟ ಕೇಳಿದರೆ ಪ್ರಿನ್ಸಿಪಾಲ್ ಮೇಡಂ ಕೆಳಗಿಳಿದಿದ್ದಾರೆ ಎಂದರ್ಥ.

ಅವಳ ಕೆಲಸ ವಿದ್ಯಾರ್ಥಿಗಳ ಪಟ್ಟಿ ತುಂಬುವುದು. ಈ ವರ್ಷ ಸೇರಿದವರೆಷ್ಟು, ಗಂಡೆಷ್ಟು ಹೆಣ್ಣೆಷ್ಟು, ಯಾವ ವಯಸ್ಸಿನವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮುಖ ಕಂಡವರೆಷ್ಟು, ಮಧ್ಯದಲ್ಲಿ ಕೈಕೊಟ್ಟವರೆಷ್ಟು, ಕೊನೆಗೆ ಪ್ರಮಾಣಪತ್ರ ಹಿಡಿದು ಹೊರಬಿದ್ದವರೆಷ್ಟು. ಈ ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆದವಳಲ್ಲ. ಮನೆಯಲ್ಲೂ ಅದೇ ಚಾಳಿ. ಗಂಡ ಬಸ್ಸು ಓಡಿಸುತ್ತಾನೆ. ಅವನು ಬಂದು ಚಪ್ಪಲಿ ಬಿಡುತ್ತಾ, "ಇವತ್ತು ಬಸ್ಸಲ್ಲಿ ಜನವೋ ಜನ" ಅಂದರೆ ಸಾಕು, ಅವಳಿಗೆ ಮೈ ಉರಿಯುತ್ತದೆ. "ಜನವೋ ಜನ ಅಂದ್ರೆ ಎಷ್ಟ್ರೀ? ನೂರಾ? ನೂರಾಹತ್ತಾ? ಬಾಯಿಗೆ ಬಂದಂಗೆ ಹೇಳ್ಬಾರದು."

ಒಂದೇ ಕೊರತೆ. ಅಂಕಿಗಳು ಅವಳ ತಲೆಯಲ್ಲಿ ಅಚ್ಚೊತ್ತಿದಂತೆ ಕೂರುತ್ತವೆ, ಮುಖಗಳು ಮಾತ್ರ ಕೂರುವುದಿಲ್ಲ. ಮಾರ್ಕೆಟ್ಟಿನಲ್ಲಿ ಹಳೇ ವಿದ್ಯಾರ್ಥಿನಿಯೊಬ್ಬಳು ಓಡಿಬಂದು, "ಅಕ್ಕಾ, ನಾನು! ಗುರುತು ಸಿಗ್ಲಿಲ್ವಾ?" ಎಂದು ಕೈಹಿಡಿದರೆ ಇವಳು ಕಣ್ಣು ಕಣ್ಣು ಬಿಡುತ್ತಾಳೆ. "ಯಾವ ವರ್ಷ ಮುಗಿಸಿದ್ದಮ್ಮಾ?" ಎನ್ನುತ್ತಾಳೆ. ವರ್ಷ ಕೇಳಿದ ಮೇಲೆ ಮುಖ ಅರಳುತ್ತದೆ. "ಓಹೋ! ಮೂವತ್ತೊಂದರಲ್ಲಿ ಹತ್ತೊಂಬತ್ತು! ಆ ಹತ್ತೊಂಬತ್ತರಲ್ಲಿ ನೀನೊಬ್ಬಳು! ಚೆನ್ನಾಗಿದ್ದೀಯಾ?"

ಇಂಥ ಲೆಕ್ಕದಕ್ಕನ ಮೇಜಿಗೆ ಒಂದು ಸೋಮವಾರ ಮೇಲಾಫೀಸಿನ ಪತ್ರವೊಂದು ಬಂದು ಬಿತ್ತು. ಮೂರು ವರ್ಷದ ಹಿಂದೆ ಸೇರಿದ ತಂಡದಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ವಿದ್ಯಾರ್ಥಿಗಳಾದರೂ ಪಾಸಾಗಿ ಹೊರಬಂದಿರಬೇಕು. ಇಲ್ಲದಿದ್ದರೆ ಅಡುಗೆ ವಿಭಾಗವನ್ನು ಮುಚ್ಚಿ, ಅಲ್ಲಿನ ಸಿಬ್ಬಂದಿಯನ್ನು ಹೊಲಿಗೆ ವಿಭಾಗಕ್ಕೆ ಸೇರಿಸಲಾಗುವುದು. ಅಂಕಿಅಂಶ ಶುಕ್ರವಾರ ಸಂಜೆ ಐದರೊಳಗೆ ತಲುಪತಕ್ಕದ್ದು.

ಲೆಕ್ಕದಕ್ಕ ಪಟ್ಟಿ ತೆಗೆದಳು. ಸೇರಿದವರು ಇಪ್ಪತ್ತೈದು. ಪಾಸಾದವರು ಹದಿನಾರು. ಇನ್ನೊಮ್ಮೆ ಎಣಿಸಿದಳು. ಪೆನ್ಸಿಲ್ ಬದಲಿಸಿ ಎಣಿಸಿದಳು. ಕೆಳಗಿನಿಂದ ಮೇಲಕ್ಕೆ ಎಣಿಸಿದಳು. ಇಪ್ಪತ್ತೈದಕ್ಕೆ ಹದಿನೇಳು ಬೇಕು, ಇರುವುದು ಹದಿನಾರು. ಒಂದೇ ಒಂದು ತಲೆ ಕಮ್ಮಿ. ಕಿಟಕಿಯ ಪಕ್ಕದ ಕೊಳವೆಯಿಂದ ಸೂಪಿನ ಹಬೆ ಬರುತ್ತಿತ್ತು. ಹೊಲಿಗೆ ವಿಭಾಗದ ಕಿಟಕಿಯಿಂದ ಏನು ಬರುತ್ತದೆ? ಕಟಕಟ ಶಬ್ದ.

ಪ್ರಿನ್ಸಿಪಾಲ್ ಮೇಡಂ ಪತ್ರ ಓದಿ ತಲೆಯ ಮೇಲೆ ಕೈಹೊತ್ತು ಕೂತರು. "ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಕಣ್ರೀ ಅಕ್ಕಾ."

"ಪಾಸಾಗದೇ ಇರೋರು ಒಂಬತ್ತು ಜನ. ಒಬ್ಬೊಬ್ಬರದೇ ತೆಗೆದು ನೋಡ್ತೀನಿ ಮೇಡಂ," ಎಂದಳು ಲೆಕ್ಕದಕ್ಕ.

ನೋಡಿದಳು. ಇಬ್ಬರು ಓದು ಮುಗಿಯುವ ಮೊದಲೇ ಹೋಟೆಲಿನವರು ಎತ್ತಿಕೊಂಡು ಹೋಗುವಷ್ಟು ಚೆನ್ನಾಗಿ ಅಡುಗೆ ಮಾಡುತ್ತಿದ್ದರು. ಕಾಲೇಜಿಗೆ ಕೀರ್ತಿ, ಅಂಕಿಗೆ ಪೆಟ್ಟು. ಒಬ್ಬ ಹಡಗಿನ ಅಡುಗೆಯವನಾಗಿ ಹೋಗಿ ಈಗ ಯಾವ ಸಮುದ್ರದಲ್ಲಿದ್ದಾನೋ ತಿಳಿಯದು. ಒಬ್ಬಳು ಈರುಳ್ಳಿ ಹೆಚ್ಚುವ ಪಾಠದಲ್ಲಿ ಅತ್ತೂ ಅತ್ತೂ ಕೊನೆಗೆ ಕಾನೂನು ಓದಲು ಹೋದಳು. ನಾಲ್ವರು ಕೊನೆಯ ಪರೀಕ್ಷೆಯಲ್ಲಿ ಒಂದೇ ಒಲೆಯ ಮುಂದೆ ನಿಂತು ಜಗಳವಾಡಿ ನಾಲ್ವರೂ ಒಟ್ಟಿಗೆ ಫೇಲಾದರು. ಅಲ್ಲಿಗೆ ಎಂಟಾಯಿತು.

ಒಂಬತ್ತನೆಯದು ಹದಿನೇಳನೇ ನಂಬರು. ಈ ನಂಬರಿನ ದಾಖಲೆ ನೋಡಿ ಲೆಕ್ಕದಕ್ಕ ಕನ್ನಡಕ ಒರೆಸಿಕೊಂಡಳು. ಮೂರು ವರ್ಷದ ಹಾಜರಿ ನೂರಕ್ಕೆ ತೊಂಬತ್ತನಾಲ್ಕು, ಇಡೀ ತಂಡದಲ್ಲಿ ಇಷ್ಟು ಯಾರಿಗೂ ಇಲ್ಲ. ಬ್ರೆಡ್ ಪ್ರಾಯೋಗಿಕದಲ್ಲಿ ನೂರಕ್ಕೆ ಎಂಬತ್ತೊಂದು. ಸೂಪು ಸೊನ್ನೆ, ಮೊಟ್ಟೆ ಸೊನ್ನೆ, ಚಾಕು ಹಿಡಿಯುವುದು ಸೊನ್ನೆ, ಕೊನೆಯ ಪರೀಕ್ಷೆಗೆ ಗೈರು. ಇದೆಂಥ ವಿದ್ಯಾರ್ಥಿ? ದಿನಾ ತಪ್ಪದೆ ಬರುವುದು, ಬ್ರೆಡ್ಡು ಮಾಡುವುದು, ಮಿಕ್ಕ ಹೊತ್ತು ಗೋಡೆ ನೋಡುತ್ತಾ ಕೂರುವುದು?

ನಲವತ್ತನಾಲ್ಕು ಮೆಟ್ಟಿಲಿಳಿದು ಅಡುಗೆಮನೆಗೆ ಹೋದಳು. ಅಲ್ಲಿ ಬ್ರೆಡ್ ಮೇಷ್ಟ್ರು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ದುಂಡಗೆ, ಬೆಳ್ಳಗೆ, ಮೆತ್ತಗೆ ಇದ್ದ ಅವರನ್ನು ದೂರದಿಂದ ನೋಡಿದರೆ ಅವರು ಕಲಸಿದ್ದು ಯಾವುದು, ಅವರು ಯಾರು ಎಂದು ಒಂದು ಗಳಿಗೆ ಅನುಮಾನವಾಗುತ್ತಿತ್ತು.

"ಮೇಷ್ಟ್ರೇ, ಮೂರನೇ ವರ್ಷದ ಹದಿನೇಳನೇ ನಂಬರು ಯಾರು?"

ಮೇಷ್ಟ್ರ ಮುಖ ಬೆಳಗಿತು. "ಅಯ್ಯೋ, ನಮ್ಮ ಹದಿನೇಳಾ! ಬಂಗಾರ ಅಕ್ಕಾ, ಬಂಗಾರ. ಒಂದು ದಿನ ಎದುರು ಮಾತಾಡಿದ್ದಿಲ್ಲ. ಬನ್ನಿ ತೋರಿಸ್ತೀನಿ."

ಕಿಟಕಿಯ ಪಕ್ಕ ಒಂದು ಉದ್ದನೆಯ ಹಲಗೆ. ಅದರ ಮೇಲೆ ಸಾಲಾಗಿ ಗಾಜಿನ ಡಬ್ಬಿಗಳು, ಒಂದೊಂದಕ್ಕೂ ನಂಬರಿನ ಚೀಟಿ, ನಡುವಿಗೆ ರಬ್ಬರ್ ಬ್ಯಾಂಡು. ಒಳಗೆ ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು. ನೀರು ಹಿಟ್ಟು ಕಲಸಿಟ್ಟರೆ ಅದು ತಾನೇ ಹುದುಗಿ ಜೀವ ಹಿಡಿಯುತ್ತದೆ. ದಿನಾ ಒಂದು ಹಿಡಿ ಹೊಸ ಹಿಟ್ಟು ಹಾಕಿ ಸಾಕಿದರೆ ವರ್ಷಗಟ್ಟಲೆ ಬದುಕುತ್ತದೆ, ಮರೆತರೆ ಸೊರಗಿ ತಳ ಹಿಡಿಯುತ್ತದೆ. ಕಾಲೇಜಿಗೆ ಸೇರಿದ ಮೊದಲ ದಿನವೇ ಮೇಷ್ಟ್ರು ಪ್ರತಿಯೊಬ್ಬರ ಹೆಸರಿಗೂ ಒಂದು ಡಬ್ಬಿ ಇಡುತ್ತಾರೆ.

"ಇವನೇ," ಎಂದು ಮೇಷ್ಟ್ರು ಹದಿನೇಳನೇ ಡಬ್ಬಿಯ ಬೆನ್ನು ತಟ್ಟಿದರು. ಒಳಗಿನಿಂದ ಒಂದು ಗುಳ್ಳೆ ಎದ್ದು ಬುಳಕ್ ಎಂದಿತು.

"ಡಬ್ಬಿ ಗೊತ್ತಾಯ್ತು. ವಿದ್ಯಾರ್ಥಿ ಎಲ್ಲಿ?"

"ವಿದ್ಯಾರ್ಥಿ..." ಮೇಷ್ಟ್ರು ಸುತ್ತ ನೋಡಿದರು. "ಇಲ್ಲೇ ಎಲ್ಲೋ ಇರ್ಬೇಕಲ್ಲ."

"ನೀವು ಹಾಜರಿ ಹೇಗೆ ತಗೋತೀರಿ?"

"ಹೇಗೆ ಅಂದ್ರೆ? ಬೆಳಗ್ಗೆ ಬಂದು ಡಬ್ಬಿ ನೋಡ್ತೀನಿ. ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಉಬ್ಬಿದ್ರೆ ಆಸಾಮಿ ಬಂದು ಊಟ ಹಾಕಿದ್ದಾನೆ ಅಂತ. ಉಬ್ಬದಿದ್ರೆ ಗೈರು. ಹುಡುಗರು ಸುಳ್ಳು ಹೇಳ್ತಾರೆ ಅಕ್ಕಾ, ಹಿಟ್ಟು ಹೇಳಲ್ಲ."

ಲೆಕ್ಕದಕ್ಕ ಹಲಗೆಯ ಹಿಂದೆ ಕೈ ಹಾಕಿದಳು. ಒಂದು ಚೀಟಿ ಸಿಕ್ಕಿತು. ಅದರಲ್ಲಿ ಬೇರೆ ಬೇರೆ ಕೈಬರಹದಲ್ಲಿ ಬರೆದಿತ್ತು: 'ಪಾಪ ಹದಿನೇಳಕ್ಕೆ ಯಾರೂ ಇಲ್ಲ. ಸೋಮವಾರ ಹದಿನಾರನೇ ನಂಬರು ಊಟ ಹಾಕಬೇಕು, ಮಂಗಳವಾರ ಹದಿನೆಂಟು, ಬುಧವಾರ ಮೂರು. ಮರೆಯಬೇಡಿ, ಕಳೆದ ವಾರ ಬುಧವಾರ ಉಪವಾಸ ಬಿದ್ದಿತ್ತು.' ಅಂತೂ ಇಪ್ಪತ್ತನಾಲ್ಕು ಮಕ್ಕಳು ಸರದಿ ಹಾಕಿಕೊಂಡು ಮೂರು ವರ್ಷ ಒಂದು ಡಬ್ಬಿಯನ್ನು ಸಾಕಿ, ಓದಿಸಿ, ಅದರ ಹಿಟ್ಟಿನಿಂದ ಬ್ರೆಡ್ಡು ಮಾಡಿಟ್ಟು ಎಂಬತ್ತೊಂದು ಅಂಕ ಕೊಡಿಸಿದ್ದರು.

ಮೇಷ್ಟ್ರ ಮುಖ ಹುಳ್ಳಗಾಯಿತು. ಲೆಕ್ಕದಕ್ಕನ ತಲೆಯಲ್ಲಿ ಮಾತ್ರ ಬೇರೆಯೇ ದೀಪ ಹೊತ್ತಿತು. ಹದಿನೇಳನೇ ನಂಬರನ್ನು ತೆಗೆದರೆ ಸೇರಿದವರು ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕಕ್ಕೆ ಹದಿನಾರು. ಮೂರರಲ್ಲಿ ಎರಡು ಪಾಲು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ!

ಮೇಲೋಡಿ ಮೇಲಾಫೀಸಿಗೆ ಫೋನು ಹಚ್ಚಿದಳು. ಅತ್ತ ಕಡೆ ಒಂದು ನಿಧಾನದ ದನಿ.

"ಸಾರ್, ನಮ್ಮ ಹದಿನೇಳನೇ ವಿದ್ಯಾರ್ಥಿ ವಿದ್ಯಾರ್ಥಿ ಅಲ್ಲ. ಒಂದು ಡಬ್ಬಿ."

ಅತ್ತ ಕಾಗದ ಮಗುಚಿದ ಸದ್ದು. ಆಮೇಲೆ ದನಿ ಕೇಳಿತು, "ಗಂಡೋ, ಹೆಣ್ಣೋ?"

"ಡಬ್ಬಿ ಸಾರ್. ಗಾಜಿಂದು."

"ಡಬ್ಬಿಗೆ ಕಾಲಮ್ ಇಲ್ಲಮ್ಮಾ. ನೋಡಿ, ಪಟ್ಟಿಯಿಂದ ತೆಗೀಬೇಕಾದ್ರೆ ಎರಡೇ ಕಾರಣ. ಒಂದು, ವಿದ್ಯಾರ್ಥಿ ತೀರಿಕೊಂಡಿರ್ಬೇಕು. ಎರಡು, ತರಗತಿ ಹೊಸ್ತಿಲು ಒಂದು ದಿನಾನೂ ದಾಟಿರಬಾರದು. ನಿಮ್ಮದು ನೋಡಿದ್ರೆ ತೊಂಬತ್ತನಾಲ್ಕು ಹಾಜರಿ. ಹಾಗಾಗಿ ಹಾಜರಿ ಹಾಕಿದ ಮೇಷ್ಟ್ರು ತಪ್ಪಾಯ್ತು ಅಂತ ಬರ್ಕೊಡ್ಲಿ. ಅರ್ಜಿ ಹಾಕಿದವರು ನಾನು ಬಂದೇ ಇಲ್ಲ ಅಂತ ಸಹಿ ಹಾಕ್ಲಿ. ಶುಕ್ರವಾರ ಐದು ಗಂಟೆ."

ಮೇಡಂಗೆ ಮೊದಲನೆಯ ಕಾರಣವೇ ಸಲೀಸು ಕಂಡಿತು. "ತೀರಿಕೊಂಡಿದೆ ಅಂತ ಬರೆದುಬಿಡಿ. ಡಬ್ಬೀನ ಬಿಸಿನೀರಲ್ಲಿ ತೊಳೆದ್ರಾಯ್ತು."

ಬ್ರೆಡ್ ಮೇಷ್ಟ್ರು ಡಬ್ಬಿಯನ್ನು ಎದೆಗವಚಿಕೊಂಡರು. "ಮೂರು ವರ್ಷ ಸಾಕಿದ ಕೂಸು ಮೇಡಂ! ಬಿಸಿನೀರು ಅನ್ನೋಕೆ ನಾಲಿಗೆ ಹೇಗೆ ಬಂತು ನಿಮಗೆ? ಬೇಕಾದ್ರೆ ನನ್ನನ್ನೇ ತೀರಿಕೊಂಡ ಅಂತ ಬರ್ಕೊಳ್ಳಿ!"

"ಯಾರೂ ತೀರಿಕೊಳ್ಳೋದು ಬೇಡ," ಎಂದಳು ಲೆಕ್ಕದಕ್ಕ. "ಡಬ್ಬಿ ತಾನಾಗಿ ಅರ್ಜಿ ಹಾಕಿಲ್ಲ. ಹಾಕಿದೋರು ಯಾರೋ ಇದ್ದಾರೆ. ನಾನು ಹುಡುಕ್ತೀನಿ."

ಕಡತದಲ್ಲಿ ಅರ್ಜಿ ಸಿಕ್ಕಿತು. ಸಿಕ್ಕಿದ್ದೇ ಅವಳಿಗೆ ಕಸಿವಿಸಿಯಾಯಿತು. ಹೆಂಗಸು, ವಯಸ್ಸು ಅರವತ್ತನಾಲ್ಕು. ಇದೇ ಅರ್ಜಿಯನ್ನು ನೋಡಿ ಮೂರು ವರ್ಷದ ಹಿಂದೆ ಅವಳು 'ಅರವತ್ತು ದಾಟಿದವರು: ಒಂದು' ಎಂದು ಬರೆದು, ಹೆಮ್ಮೆಯಿಂದ ಬೀಗಿದ್ದಳು. ಅದನ್ನೇ ನಂಬಿ ಮೇಡಂ ಕಾಲೇಜಿನ ಪುಸ್ತಿಕೆಯ ಮೇಲೆ, 'ಹದಿನೆಂಟರಿಂದ ಅರವತ್ತನಾಲ್ಕರವರೆಗೆ, ಎಲ್ಲ ವಯಸ್ಸಿಗೂ ನಮ್ಮಲ್ಲಿ ಒಲೆಯಿದೆ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದರು. ಆಗ ಲೆಕ್ಕದಕ್ಕ ನೋಡಿದ್ದು ವಯಸ್ಸನ್ನು ಮಾತ್ರ. ಹೆಸರು, ವಿಳಾಸಕ್ಕೆ ಅವಳ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಈಗ ಓದಿದಳು. ಎಲ್ಲೂ ಕೇಳದ ಹೆಸರು, ಎಲ್ಲೂ ಕೇಳದ ಮನೆತನ. ಭಾವಚಿತ್ರ ಕಿತ್ತುಹೋಗಿ ಅಂಟಿನ ಗುರುತೊಂದು ಉಳಿದಿತ್ತು. ವಿಳಾಸ: ಹಿತ್ತಲ ಓಣಿ, ಹಸಿರು ಬಾಗಿಲು.

ಗುರುವಾರ ಮಧ್ಯಾಹ್ನ ರಜೆ ಹಾಕಿ ಹೊರಟಳು. ಹಿತ್ತಲ ಓಣಿ ಅವಳ ಮನೆಯ ಬೀದಿಯ ಹಿಂದೆಯೇ ಇತ್ತು, ಆದರೆ ಅವಳೆಂದೂ ಅಲ್ಲಿ ಕಾಲಿಟ್ಟಿರಲಿಲ್ಲ. ಮುಂದಿನ ಬೀದಿಯಲ್ಲಿ ಬಸ್ ಸ್ಟಾಪಿಗೆ ಸರಿಯಾಗಿ ಮುನ್ನೂರು ಹೆಜ್ಜೆ, ಅಂಥ ಚೊಕ್ಕ ಲೆಕ್ಕ ಬಿಟ್ಟು ಬೇರೆ ದಾರಿ ಯಾಕೆ ಹಿಡಿಯಬೇಕು? ಓಣಿಯಲ್ಲಿ ಬಟ್ಟೆ ಒಣಗುತ್ತಿತ್ತು. ಒಂದು ಬೆಕ್ಕು ಅಡ್ಡಡ್ಡ ಮಲಗಿತ್ತು. ಬಾಗಿಲುಗಳನ್ನು ಎಣಿಸುತ್ತಾ ನಡೆದಳು. ಹನ್ನೊಂದನೆಯದು ಹಸಿರು. ತಟ್ಟಿದಳು.

ಒಳಗೆ ಚಿಲಕ ಸರಿದ ಸದ್ದು. ಬಾಗಿಲು ತೆರೆಯಿತು. ಸೊಪ್ಪು ಬಿಡಿಸುತ್ತಿದ್ದ ಒದ್ದೆ ಕೈಯಲ್ಲಿ ಎದುರಿಗೆ ನಿಂತಿದ್ದವರು ಅವಳ ಅತ್ತೆ.

"ಮುಂದಿನ ಬಾಗಿಲಿಗೆ ಏನಾಯ್ತೇ?" ಎಂದರು ಅತ್ತೆ.

ಲೆಕ್ಕದಕ್ಕ ಅರ್ಜಿಯನ್ನೊಮ್ಮೆ ನೋಡಿದಳು, ಅತ್ತೆಯನ್ನೊಮ್ಮೆ ನೋಡಿದಳು, ಬಾಗಿಲಿನ ಬಣ್ಣವನ್ನೊಮ್ಮೆ ನೋಡಿದಳು. ಇಪ್ಪತ್ತು ವರ್ಷದಿಂದ ತಾನು ಬಾಳುತ್ತಿರುವ ಮನೆಗೆ ಹಿಂದೊಂದು ಹಸಿರು ಬಾಗಿಲಿದೆ ಎನ್ನುವುದು ಅವಳಿಗೆ ಆಗಲೇ ತಿಳಿದದ್ದು. ಅವಳು ಮನೆಯ ಬಾಗಿಲುಗಳನ್ನು ಎಣಿಸಿದ್ದಳು. ಆರು. ಹೊರಗಿನಿಂದ ಅವುಗಳ ಬಣ್ಣ ನೋಡಿರಲಿಲ್ಲ.

"ಅತ್ತೆ... ನೀವಾ ಹದಿನೇಳು?"

ಅತ್ತೆ ಕಾಗದ ನೋಡಿದರು. ಒಂದು ಕ್ಷಣ ಮುಖ ಕೆಂಪಾಯಿತು, ಮರುಕ್ಷಣವೇ ಸೆಟೆದು ನಿಂತರು. "ಹೌದು, ಹಾಕಿದ್ದೆ. ಮದುವೆಗೆ ಮುಂಚಿನ ತವರುಮನೆ ಹೆಸರಲ್ಲಿ ಹಾಕಿದ್ದೆ. ಏನೀಗ?"

"ಯಾಕೆ ಹಾಕಿದ್ರಿ?"

"ಯಾಕಾ? ಅವತ್ತು ನನ್ನ ಸೂಪು ಬಾಯಿಗಿಟ್ಟು ಏನಂದೆ? ನಮ್ಮ ಮೊದಲ ವರ್ಷದ ಮಕ್ಕಳೂ ಉಪ್ಪನ್ನ ತೂಕ ಮಾಡಿ ಹಾಕ್ತಾರೆ ಅತ್ತೆ, ಅಂದೆ. ನಲವತ್ತೈದು ವರ್ಷ ಒಲೆ ಮುಂದೆ ಬೆಂದವಳಿಗೆ! ಹೋಗಿ ಕಲಿತು, ಪ್ರಮಾಣಪತ್ರ ತಂದು ನಿನ್ನ ತಟ್ಟೆ ಪಕ್ಕ ಇಡೋಣ ಅಂತ ಹಾಕಿದ್ದೆ."

"ಮತ್ತೆ ಬರಲಿಲ್ಲ ಯಾಕೆ?"

"ಬಂದೆ! ಅಂಗಳದ ತನಕ ಬಂದೆ. ಕಿಟಕೀಲಿ ಇಣುಕಿದ್ರೆ, ಆ ದುಂಡಗಿನ ಮನುಷ್ಯ ಒಂದು ಡಬ್ಬಿ ಎತ್ತಿ ಹಿಡ್ಕೊಂಡು, ಇವತ್ತಿಂದ ಇದು ನಿಮ್ಮ ಮಗು, ದಿನಾ ಊಟ ಹಾಕಿ, ಅಂತಿದ್ದ. ನಾಲ್ಕು ಹೆತ್ತು ಸಾಕಿದೀನಿ ಕಣೇ. ಈ ವಯಸ್ಸಲ್ಲಿ ಐದನೇದಾ? ಅಲ್ಲಿಂದಲೇ ತಿರುಗಿ ಬಂದೆ."

ಲೆಕ್ಕದಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ಹಾಜರಿ, ಡಬ್ಬಿ, ಹೊಲಿಗೆ ವಿಭಾಗ, ಶುಕ್ರವಾರ ಐದು ಗಂಟೆ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅತ್ತೆಯ ಕಣ್ಣು ಅಗಲವಾಯಿತು.

"ತಾಳು ತಾಳು. ನಂಗೆ ತೊಂಬತ್ತನಾಲ್ಕು ಹಾಜರಿ ಇದೆಯಾ?"

"ನಿಮಗಲ್ಲ, ಡಬ್ಬಿಗೆ."

"ನನ್ನ ನಂಬರಲ್ಲೇ ತಾನೇ? ಬ್ರೆಡ್ಡಲ್ಲಿ ಎಂಬತ್ತೊಂದು ಬಂದಿದೆಯಾ? ಹಾಗಿದ್ಮೇಲೆ ಬಂದೇ ಇಲ್ಲ ಅಂತ ಯಾಕೆ ಬರೀಲಿ? ಮಿಕ್ಕ ಪರೀಕ್ಷೆ ನಾಳೆ ಬೆಳಗ್ಗೆನೇ ಇಡಿಸು. ಸೂಪು, ಮೊಟ್ಟೆ, ಚಾಕು, ಎಲ್ಲಾ ಮುಗಿಸಿ ಬಿಸಾಕ್ತೀನಿ. ಇಪ್ಪತ್ತೈದಕ್ಕೆ ಹದಿನೇಳಾಗುತ್ತೆ. ಹದಿನಾರಕ್ಕಿಂತ ಹದಿನೇಳು ದೊಡ್ಡದಲ್ವಾ? ಲೆಕ್ಕ ನಿಂಗೊಬ್ಬಳಿಗೇ ಬರೋದಾ?"

ಅಲ್ಲಿ ಲೆಕ್ಕದಕ್ಕನ ಮನಸ್ಸು ಒಂದು ಗಳಿಗೆ ತೂಗಿತು. ಅತ್ತೆ ಪರೀಕ್ಷೆಗೆ ನಿಂತರೆ ಪಾಸಾಗುವುದರಲ್ಲಿ ಅನುಮಾನವಿಲ್ಲ. ಮೇಡಂ ಕುಣಿದಾಡುತ್ತಾರೆ, ಮೇಲಾಫೀಸಿನ ದನಿಗೆ ತೆಗೆಯುವ ಸೇರಿಸುವ ತಲೆನೋವಿಲ್ಲ. ಆದರೆ ಪೆನ್ಸಿಲ್ಲು ಅವಳ ಕೈಯಲ್ಲಿ ಅಲುಗಲಿಲ್ಲ.

"ಬೇಡ ಅತ್ತೆ. ನೀವು ಬಂದಿಲ್ಲ. ಬಂದಿದ್ದೀರಿ ಅಂತ ನಾನು ಬರೆಯೋಕಾಗಲ್ಲ. ಹೊಲಿಗೆ ವಿಭಾಗಕ್ಕೆ ಹಾಕಿದ್ರೆ ಗುಂಡಿ ಎಣಿಸ್ಕೊಂಡು ಕೂರ್ತೀನಿ."

ಅತ್ತೆ ಸೊಪ್ಪಿನ ಕಟ್ಟು ಕೆಳಗಿಟ್ಟರು. ಸೊಸೆಯ ಮುಖ ನೋಡಿದರು. "ನೀನು ಸುಳ್ಳು ಹೇಳಲ್ಲ, ಅದೇ ನಿನ್ನ ರೋಗ," ಎಂದರು. "ಸಹಿ ಹಾಕ್ತೀನಿ. ಆದ್ರೆ ಎರಡು ಷರತ್ತು. ಒಂದು, ಆ ಡಬ್ಬಿ ನಂದು. ನನ್ನ ಹೆಸರಲ್ಲಿ ಬೆಳೆದಿದೆ, ನನ್ನ ಮನೆಗೆ ಬರಬೇಕು."

"ಇನ್ನೊಂದು?"

"ಸೂಪಿನ ವಿಷಯ."

ಲೆಕ್ಕದಕ್ಕ ತಲೆ ತಗ್ಗಿಸಿದಳು. "ತಪ್ಪಾಯ್ತು ಅತ್ತೆ. ಮೂರು ವರ್ಷದ ಹಿಂದೆ, ಒಂದೇ ಒಂದು ಸಲ ಅಂದೆ."

"ಎರಡು ಸಲ," ಎಂದರು ಅತ್ತೆ. "ನಾನೂ ಎಣಿಸ್ತೀನಿ."

ಶುಕ್ರವಾರ ಬೆಳಗ್ಗೆ ಬ್ರೆಡ್ ಮೇಷ್ಟ್ರು ತಪ್ಪೊಪ್ಪಿಗೆ ಬರೆದುಕೊಟ್ಟರು. ಅದರಲ್ಲಿ ತಮ್ಮ ತಪ್ಪಿಗೆ ಎರಡು ಸಾಲು, ಹದಿನೇಳನೇ ಡಬ್ಬಿಯ ಸದ್ಗುಣಗಳಿಗೆ ಒಂದೂವರೆ ಪುಟ. ಪಟ್ಟಿ ಮೂರೂ ಮುಕ್ಕಾಲಿಗೆ ಮೇಲಾಫೀಸು ತಲುಪಿತು: ಸೇರಿದವರು ಇಪ್ಪತ್ತನಾಲ್ಕು, ಪಾಸಾದವರು ಹದಿನಾರು, ಅರವತ್ತು ದಾಟಿದವರು ಸೊನ್ನೆ. ಅತ್ತಲಿಂದ ಅದೇ ನಿಧಾನದ ದನಿ ಫೋನು ಮಾಡಿ, "ಸರಿಯಾಗಿದೆ ಕಣಮ್ಮಾ, ವಿಭಾಗ ಉಳೀತು," ಎಂದಿತು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಡಬ್ಬಿ ಹೇಗಿದೆ?" ಎಂದು ಕೇಳಿತು.

ಡಬ್ಬಿ ಆ ಹೊತ್ತಿಗೆ ಬಸ್ಸಿನಲ್ಲಿ ಡ್ರೈವರಿನ ಪಕ್ಕ ಕೂತು ಮನೆಗೆ ಹೋಗುತ್ತಿತ್ತು. ಪ್ರತಿ ತಿರುವಿನಲ್ಲೂ ಗಂಡ ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳುತ್ತಿದ್ದನಂತೆ. ಮೇಷ್ಟ್ರು ಸ್ಟಾಪಿನ ತನಕ ಬಂದು ಟವೆಲಿನಲ್ಲಿ ಕಣ್ಣೊರೆಸಿಕೊಂಡು ಬೀಳ್ಕೊಟ್ಟರು.

ಪುಸ್ತಿಕೆಯಲ್ಲಿ ಮಾತ್ರ ಈಗ ತೂತು ಬಿತ್ತು. ಮೇಡಂ 'ಹದಿನೆಂಟರಿಂದ ಅರವತ್ತನಾಲ್ಕರವರೆಗೆ' ಎಂಬುದರ ಮೇಲೆ ಚೀಟಿ ಅಂಟಿಸಲು ಹೊರಟಿದ್ದರು. ಅಷ್ಟರಲ್ಲಿ ಹೊಸ ವರ್ಷದ ಅರ್ಜಿಗಳು ಬಂದವು. ಲೆಕ್ಕದಕ್ಕ ಒಂದೊಂದಾಗಿ ಕಾಲಮ್ಮಿಗೆ ಇಳಿಸುತ್ತಾ ಬಂದಳು. ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು, ಅರವತ್ತೇಳು.

ಪೆನ್ಸಿಲ್ ನಿಂತಿತು. ಈ ಸಲ ಹೆಸರು ಓದಿದಳು. ವಿಳಾಸ ಓದಿದಳು. ಭಾವಚಿತ್ರ ನೋಡಿದಳು. ಅದರಲ್ಲಿ ಅತ್ತೆ ಕ್ಯಾಮೆರಾವನ್ನು ಹೆದರಿಸುವಂತೆ ದುರುಗುಟ್ಟಿದ್ದರು. ನಿನ್ನೆ ಬೆಳಗ್ಗೆ ಡಬ್ಬಿಗೆ ಹಿಟ್ಟು ಹಾಕುತ್ತಾ ಅತ್ತೆ ಗೊಣಗಿದ್ದು ನೆನಪಾಯಿತು: "ಹೇಗೂ ಐದನೇದು ಮಡಿಲಿಗೆ ಬಿದ್ದಾಯ್ತು. ಇನ್ನು ಹೆದರೋದೇನು?"

ಪಾಠ ಶುರುವಾದ ದಿನ ಈರುಳ್ಳಿ ಬಾಡಿದ ಘಮ ಬರುವ ಮೊದಲೇ ಲೆಕ್ಕದಕ್ಕ ಕೆಳಗಿಳಿದಳು. ಬ್ರೆಡ್ ಮೇಷ್ಟ್ರು ಮೇಡಂ ಅಪ್ಪಣೆಯಂತೆ ಒಬ್ಬೊಬ್ಬರ ಮೂಗಿನ ತನಕ ಬಗ್ಗಿ ಮುಖ ನೋಡಿ ಹಾಜರಿ ಹಾಕುತ್ತಿದ್ದರು. ಕೊನೆಯ ಮೇಜಿನಲ್ಲಿ ಬಿಳಿ ಟೊಪ್ಪಿಗೆ ಒಂದು ಕಿವಿಯ ಮೇಲೆ ಜಾರಿಸಿಕೊಂಡು ಅತ್ತೆ ನಿಂತಿದ್ದರು, ಪಕ್ಕದಲ್ಲಿ ಹದಿನೇಳನೇ ಡಬ್ಬಿ. ಸೊಸೆಯನ್ನು ಕಂಡು ನಕ್ಕರು. ನಕ್ಕರೆ ಅತ್ತೆಯ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ಲೆಕ್ಕದಕ್ಕನಿಗೆ ಆವತ್ತು ಮೊದಲ ಸಲ ಕಂಡಿತು.

"ಏನು ನೋಡ್ತೀಯ? ಎಣಿಸ್ಕೊಂಡು ಹೋಗು," ಎಂದರು ಅತ್ತೆ.

ಅಷ್ಟರಲ್ಲಿ ಮೇಷ್ಟ್ರು, "ಎಲ್ಲರೂ ಉಪ್ಪು ತೂಗಿ. ಹನ್ನೆರಡು ಗ್ರಾಂ," ಎಂದರು. ಅತ್ತೆ ತೂಗಲಿಲ್ಲ. ಉಪ್ಪಿನ ಡಬ್ಬದೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಅಂಗೈ ಗುಳಿಗೆ ಬಂದಷ್ಟನ್ನು ತಕ್ಕಡಿಯ ಮೇಲೆ ಉದುರಿಸಿ, ಇಡೀ ತರಗತಿಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತರು. ಮುಳ್ಳು ಅಲ್ಲಾಡಿ ಅಲ್ಲಾಡಿ ಹದಿನಾಲ್ಕರ ಮೇಲೆ ನಿಂತಿತು.

ಅತ್ತೆ ಮುಳ್ಳನ್ನು ನೋಡಿದರು, ಆಮೇಲೆ ಸೊಸೆಯನ್ನು ನೋಡಿದರು.

"ತಕ್ಕಡಿ ಸರಿಯಿಲ್ಲ," ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಗೊತ್ತಿದ್ದೂ ಒಂದೂ ಸುಳ್ಳು ಅಂಕಿ ಬರೆಯದ ಲೆಕ್ಕದಕ್ಕ ತಕ್ಕಡಿಯ ಮುಳ್ಳನ್ನು ಇನ್ನೊಮ್ಮೆ ಬಗ್ಗಿ ನೋಡಿದಳು.

"ರಿಪೇರಿಗೆ ಕಳಿಸಿ ನೋಡೋಣ ಅತ್ತೆ," ಎಂದಳು. ಸುಳ್ಳು ಕೂಡದೆಂಬ ಅವಳ ನೇಮ ಬರೆಯುವುದಕ್ಕೆ ತಾನೇ ಇದ್ದದ್ದು. ಆಮೇಲೆ ಸರಸರನೆ ಮೆಟ್ಟಿಲು ಹತ್ತಿ ಹೋಗಿ, ಅರವತ್ತು ದಾಟಿದವರ ಕಾಲಮ್ಮಿನಲ್ಲಿ, ಕಣ್ಣಾರೆ ಕಂಡು ಬಂದ ಒಂದನ್ನು ಬರೆದಳು.